ಮುಖ ನೋಡಿ ಗುರುತು ಸಿಗದ ಕಾಯಿಲೆಗೆ ಕನ್ನಡದಲ್ಲಿ ಏನಂತೀರಿ?

ಎಲ್ರಿಗೂ ನಮಸ್ಕಾರ. ಪ್ರೊಸೊಪಗ್ನೋಸಿಯಾ ಅನ್ನೋದಕ್ಕೆ ಜನ ಬಾಯಲ್ಲಿ ಆಡೋಂಥ ಕನ್ನಡ ಪದ ಏನಾದ್ರೂ ಇದ್ಯಾ?

ನಮ್ಮ ಸೋದರಮಾವನಿಗೆ ಹೋದ ವರ್ಷ ಸ್ಟ್ರೋಕ್ ಆಯ್ತು, ಕೈಕಾಲು ಮಾತು ಎಲ್ಲ ಸರಿಹೋಯ್ತು, ಆದ್ರೆ ಮುಖ ನೋಡಿ ಯಾರು ಅಂತ ಹೇಳಕ್ಕಾಗಲ್ಲ. ಅತ್ತೆ ಕಾಫಿ ಲೋಟ ಹಿಡ್ಕೊಂಡು ಎದುರಿಗೇ ನಿಂತ್ರೂ "ಯಾರಮ್ಮಾ?" ಅಂತಾರೆ, ಅವ್ರು "ಸಕ್ಕರೆ ಹಾಕಿಲ್ಲ ಕಣ್ರೀ" ಅಂದ ತಕ್ಷಣ "ಓ ನೀನಾ" ಅಂತ ಲೋಟ ಇಸ್ಕೋತಾರೆ. ಮನೆಯವ್ರು ಬಂದೋರಿಗೆಲ್ಲ "ಅವ್ರಿಗೆ ನೆನಪು ಹೋಗಿದೆ" ಅಂದ್ಬಿಡ್ತಾರೆ, ಮಾವನಿಗೆ ಅದಕ್ಕೇ ಸಿಟ್ಟು. ನೆನಪು ಎಲ್ಲಿ ಹೋಗಿದೆ, ಪಕ್ಕದ ಮನೆಯವ್ರು ಮಗಳ ಮದ್ವೆಗೆ ತಗೊಂಡ ಕೈಗಡ ಎಷ್ಟು, ವಾಪಸ್ ಕೊಟ್ಟಿದ್ದೆಷ್ಟು ಅಂತ ಇವತ್ತಿಗೂ ಲೆಕ್ಕ ಒಪ್ಪಿಸ್ತಾರೆ!

ಹೋಗಿರೋದು ನೆನಪಲ್ಲ, ಗುರುತು. ಪ್ರೊಸೊಪಗ್ನೋಸಿಯಾ ಅನ್ನೋ ಪದ ಕಟ್ಟಿದ್ದು ಜರ್ಮನಿಯ ನರವೈದ್ಯ ಬೋಡಾಮರ್, 1947ರಲ್ಲಿ; ಗ್ರೀಕ್‌ನಲ್ಲಿ ಪ್ರೊಸೊಪಾನ್ ಅಂದ್ರೆ ಮುಖ, ಅಗ್ನೋಸಿಯಾ ಅಂದ್ರೆ ಅರಿವಿಲ್ಲದಿರೋದು. ಮೆದುಳಿನ ಅಡಿಭಾಗದಲ್ಲಿ, ಹೆಚ್ಚಾಗಿ ಬಲಗಡೆ ಪೆಟ್ಟಾದ್ರೆ ಹೀಗಾಗುತ್ತೆ. ಮೂಗು ಉದ್ದ ಇದೆ, ಮೀಸೆ ಇದೆ, ನಗ್ತಿದಾನೆ ಅಂತ ಮಾವ ಎಲ್ಲಾನೂ ಹೇಳ್ತಾರೆ, ಎಲ್ಲ ಸೇರಿ ಇಂಥೋನು ಅಂತ ಮಾತ್ರ ಹೊಳೆಯಲ್ಲ.

ಇರುಳುಗುರುಡು, ಬಣ್ಣಗುರುಡು ಇದ್ದಂಗೆ ‘ಮುಖಗುರುಡು’ ಅನ್ನಬಹುದು, ಆದ್ರೆ ಕೇಳಿದೋರು ಕಣ್ಣೇ ಹೋಗಿದೆ ಅನ್ಕೋತಾರೆ. ‘ಮುಖವಿಸ್ಮೃತಿ’ ಅಂದ್ರೆ ಮತ್ತೆ ಅದೇ ಮರೆವಿನ ಗೋಳು. ಸಂಸ್ಕೃತದ ‘ಪ್ರತ್ಯಭಿಜ್ಞೆ’ ಅರ್ಥದಲ್ಲಿ ಸರಿಯಾಗಿ ಕೂರುತ್ತೆ, ಹಿಂದೆ ಕಂಡಿದ್ದು ಇದೇ ಅನ್ನೋ ಅರಿವು, ಆದ್ರೆ ಅದರ ಹಿಂದೆ ‘ಲೋಪ’ ಸೇರಿಸಿ ನಮ್ಮತ್ತೆ ಕೈಲಿ ಹೇಳಿಸಿ ನೋಡೋಣ. ‘ಗುರುತುಗೇಡು’ ಅಂತ ನಾನೇ ಒಂದು ಕಟ್ಟಿದೆ, ಮಾನಗೇಡು ಬುದ್ಧಿಗೇಡು ಸಾಲಿಗೆ ಸೇರಿ ಬೈಗುಳದ ಥರ ಕೇಳಿಸ್ತು, ಬಿಟ್ಬಿಟ್ಟೆ.

ನಂಗೆ ತಮಾಷೆ ಅನ್ಸಿದ್ದು ನಮ್ಮ ‘ಮುಖಪರಿಚಯ’. "ಅವ್ರು ಬರೀ ಮುಖಪರಿಚಯ" ಅಂದ್ರೆ ಮುಖ ಗೊತ್ತು, ಮನುಷ್ಯ ಗೊತ್ತಿಲ್ಲ ಅಂತ. ಮಾವನದ್ದು ಪೂರ್ತಿ ಉಲ್ಟಾ, ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿದೇ ಮುಖಪರಿಚಯ ಇಲ್ಲ. ಹಂಗಾಗಿ ‘ಮುಖಪರಿಚಯನಾಶ’ ಅಂದ್ರೆ ನಡೀಬಹುದಾ, ಇಲ್ಲಾ ಹಳೇ ಅರ್ಥ ಅಡ್ಡ ಬರುತ್ತಾ?

ಇನ್ನೊಂದು, ಧಾರವಾಡ ಕಡೆ ‘ಗುರ್ತ ಹತ್ತವಲ್ದು’ ಅಂತಾರಲ್ಲ, ಅದು ಕಣ್ಣಿಗೆ ಕಂಡ್ರೂ ಯಾರು ಅಂತ ತಿಳೀದೇ ಇದ್ದಾಗ ಮಾತ್ರಾನಾ, ಇಲ್ಲಾ ಹೆಸ್ರು ಮರೆತಾಗ್ಲೂ ಹಂಗೇ ಅಂತೀರಾ?