ಅಪ್‌ಡೇಟ್: ಮೇಲಧಿಕಾರಿಗೆ ಕೊನೆಗೂ ಸಿಕ್ಕ ಉಡುಗೊರೆ

ಮಡಿಕೇರಿಯ ನಮ್ಮ ಕಚೇರಿಯಲ್ಲಿ ಕ್ರಿಸ್‌ಮಸ್‌ಗೆ ಯಾರು ಯಾರಿಗೆ ಉಡುಗೊರೆ ಕೊಡಬೇಕೆಂದು ಎತ್ತಿದ ಚೀಟಿಯಲ್ಲಿ ನನಗೆ ಮೇಲಧಿಕಾರಿಯ ಹೆಸರೇ ಬಂದಿದೆ, ಮಿತಿ 500 ರೂಪಾಯಿ, ಏನು ಕೊಡಲಿ ಎಂದು ಕೇಳಿದ್ದೆ. ಹೆಚ್ಚಿನವರು ಕಾಫಿಪುಡಿ ಇಲ್ಲವೇ ಜೇನುತುಪ್ಪ ಎಂದಿರಿ. ಧನ್ಯವಾದಗಳು. ಆದರೆ ಅವರಿಗೆ ಸ್ವಂತ ಕಾಫಿ ತೋಟವಿದೆ. ಡಿಸೆಂಬರಿನಲ್ಲಿ ಅರೇಬಿಕಾ ಕೊಯ್ಲಿನ ಗಡಿಬಿಡಿಯಲ್ಲಿರುವವರಿಗೆ ಕಾಫಿಪುಡಿ ಕೊಡುವಷ್ಟು ಧೈರ್ಯ ನನಗಿಲ್ಲ.

ಉಪಾಯ ಹೊಳೆದದ್ದು ವಾರಾಂತ್ಯಕ್ಕೆ ಮೈಸೂರಿನಿಂದ ಬಂದ ಗೆಳತಿಯರಿಗೆ. ಅಮ್ಮನ ಪಂದಿಕರಿ (ಹಂದಿಮಾಂಸದ ಸಾರು), ಅಕ್ಕಿಯ ಕಡಂಬುಟ್ಟು ಮುಗಿಸಿ (ಒಬ್ಬಳು ಸಸ್ಯಾಹಾರಿ, ಅವಳಿಗೆ ಬಿದಿರಿನ ಕಳಲೆಯ ಉಪ್ಪಿನಕಾಯಿಯೇ ಹಬ್ಬ) ನಮ್ಮ ಕಾಫಿ ಕಣಕ್ಕೆ ಬಂದರು. ಕತ್ತಲಾಗುತ್ತಿತ್ತು. ಇಬ್ಬನಿ ಬೀಳುವ ಮೊದಲು ಒಣಗಲು ಹರಡಿದ್ದ ಹಣ್ಣನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕು. ಅಪ್ಪ ಬೆಳಕಿಗೆಂದು ಮೊಬೈಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹಗ್ಗ ಕಟ್ಟುತ್ತಿದ್ದರು. "ನಿನ್ನ ಸಾಹೇಬರೂ ಹೀಗೇ ಕಟ್ಟುತ್ತಾರಾ?" ಎಂದಳು ಒಬ್ಬಳು.

ತಲೆಗೆ ಕಟ್ಟುವ ಟಾರ್ಚ್ ತಂದೆ. ಮಿತಿಯೊಳಗೇ ಸಿಕ್ಕಿತು. ಬಿಚ್ಚಿದವರು ಅಲ್ಲೇ ಹಣೆಗೆ ಕಟ್ಟಿಕೊಂಡು ಎಲ್ಲರ ಕಣ್ಣಿಗೆ ಬೆಳಕು ಬಿಟ್ಟರು.

ಮುಜುಗರವಾದದ್ದು ಬೇರೆ ಕಡೆ. ಒಬ್ಬರು ಬೆಳ್ಳಿಯ ದೀಪ ತಂದಿದ್ದರು. ಅದನ್ನು ಪಡೆದ ಹೊಸ ಹುಡುಗ ತಾನು ಕೊಡಲು ತಂದಿದ್ದ ಪೆನ್ನಿನ ಪೆಟ್ಟಿಗೆಯನ್ನು ಬೆನ್ನ ಹಿಂದೆ ಸರಿಸಿದ. ಮಿತಿ ಹಾಕುವುದೇ ಇದನ್ನು ತಪ್ಪಿಸಲು ಅಲ್ಲವೇ? ಉದಾರತೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ನನಗೆ ಬಂದದ್ದು ಕಾಚಂಪುಳಿಯ (ಪಂದಿಕರಿಗೆ ಹಾಕುವ ಕಪ್ಪು ಹುಳಿ) ಬಾಟಲಿ. ಮನೆಯಲ್ಲಿ ಆಗಲೇ ಮೂರಿವೆ. ಒಂದು ಮೈಸೂರಿಗೆ ಹೋಯಿತು.