ಸೊಂಟ ಸೋತ ನಮ್ಮ ನಾಯಿ ಕಾಳುಗೆ ಎಂಥ ಹಾಸಿಗೆ? ಮಳೆ ಬೇರೆ ಹತ್ತಿರ ಬಂತು

ಕಾಳು ಅಮ್ಮ, ಡೊಂಬಿವಲಿ

ನಮಸ್ಕಾರ ಎಲ್ಲರಿಗೂ. ನಮ್ಮ ಕಾಳುಗೆ ಈಗ 12 ವರ್ಷ, 22 ಕಿಲೋ ತೂಕ. ಬೀದಿನಾಯಿಯ ಮರಿ, ಸ್ಟೇಷನ್ ಹತ್ತಿರ ತರಕಾರಿ ಗಾಡಿಯ ಕೆಳಗೆ ಸಿಕ್ಕಿದ್ದಳು. ಕಳೆದ ಚಳಿಗಾಲದಿಂದ ಹಿಂಗಾಲು ಸೋಲುತ್ತಿವೆ. ಡಾಕ್ಟರ್ ಎಕ್ಸ್‌ರೇ ನೋಡಿ ಸೊಂಟದ ಕೀಲು ಸವೆದಿದೆ ಅಂದರು. ಗುಳಿಗೆ ನಡೆದಿದೆ. ಬರೀ ಟೈಲ್ಸ್ ಮೇಲೆ ಮಲಗಲು ಬಿಡಬೇಡಿ ಎಂದೂ ಹೇಳಿದ್ದಾರೆ.

ಅದಕ್ಕೆ ಆನ್‌ಲೈನ್‌ನಲ್ಲಿ 2,400 ರೂಪಾಯಿ ಕೊಟ್ಟು ಒಂದು ದುಂಡನೆಯ ಹಾಸಿಗೆ ತರಿಸಿದೆ. ಸುತ್ತ ಎತ್ತರದ ಅಂಚು, ಮೇಲೆ ಉದ್ದ ಕೂದಲಿನ ಬಟ್ಟೆ. ಮೂಸಿ ನೋಡಿದಳು. ಅಂಚಿನ ಮೇಲೆ ಮುಂಗಾಲು ಇಟ್ಟಳು, ಹಿಂಗಾಲು ಎತ್ತಲಾಗದೆ ಹಾಗೇ ನನ್ನ ಮುಖ ನೋಡುತ್ತಾ ನಿಂತಳು. ನಾನೇ ಎತ್ತಿ ಒಳಗೆ ಕೂರಿಸಿದೆ. ಎರಡೇ ನಿಮಿಷ. ತಡವರಿಸಿ ಎದ್ದು ಬಂದು ಬಾತ್‌ರೂಮ್ ಬಾಗಿಲ ಹತ್ತಿರ ಟೈಲ್ಸ್ ಮೇಲೆ ಮಲಗಿದಳು. ಆಮೇಲೆ ಅದರ ಕಡೆ ತಿರುಗಿಯೂ ನೋಡಿಲ್ಲ.

ಅವಳು ಮಲಗುವುದನ್ನು ನೋಡಿದರೆ ಕರುಳು ಚುರ್ ಅನ್ನುತ್ತದೆ. ಎರಡು ಸುತ್ತು ಸುತ್ತುತ್ತಾಳೆ. ಮುಂಗಾಲು ಮಡಚುತ್ತಾಳೆ. ಸೊಂಟವನ್ನು ಅರ್ಧ ಇಳಿಸುವಾಗ ತೊಡೆ ನಡುಗುತ್ತದೆ, ಆಮೇಲೆ ತಡೆಯಲಾಗದೆ ದೊಪ್ಪನೆ ಬೀಳುತ್ತಾಳೆ. ಆ ಸದ್ದು ಒಳಕೋಣೆಗೂ ಕೇಳುತ್ತದೆ. ಎಡ ಮೊಣಕೈ ಮೇಲೆ ರೂಪಾಯಿ ಅಗಲಕ್ಕೆ ಜಡ್ಡುಗಟ್ಟಿದೆ. ಕೂದಲಿಲ್ಲ, ಬೂದು ಬಣ್ಣ, ಮುಟ್ಟಿದರೆ ಕಟಕ್ ರೊಟ್ಟಿಯಂತೆ ಬಿರುಸು. ಹೋದ ವಾರ ಅದು ಬಿರುಕು ಬಿಟ್ಟು ರಕ್ತ ಒಸರಿತು.

ಇನ್ನು ಮಳೆ. ಜೂನ್ ಎರಡನೇ ವಾರ ಹಿಡಿದರೆ ಸೆಪ್ಟೆಂಬರ್ ತನಕ ನಮ್ಮ ಗ್ಯಾಲರಿಯಲ್ಲಿ ಕರವಸ್ತ್ರ ಕೂಡ ಒಣಗುವುದಿಲ್ಲ. ಫೋಮ್ ತಂದರೆ ಬೂಷ್ಟು ಹಿಡಿಯುತ್ತದಾ? ಒಮ್ಮೊಮ್ಮೆ ನಿದ್ದೆಯಲ್ಲಿ ಗೊತ್ತಾಗದೆ ಉಚ್ಚೆ ಹೋಗುತ್ತದೆ, ಅದೂ ಇದೆ. ವಯಸ್ಸಾದ ನಾಯಿ ಸಾಕಿದವರು ದಯವಿಟ್ಟು ಹೇಳಿ.

ಮಾಟುಂಗಾ ಮಾಮ

ನಮ್ಮ ನಾಯಿಗೆ ಕಬ್ಬಿಣದ ಚೌಕಟ್ಟಿನ, ಬಟ್ಟೆ ಬಿಗಿದ ಮಂಚ ತಂದಿದ್ದೇವೆ. ಕೆಳಗೆ ಗಾಳಿ ಆಡುತ್ತದೆ, ಸೆಕೆ ಇಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮುಂಬೈ ಹವೆಗೆ ಇದೇ ಸರಿ.

ಚಿಂಚವಡದ ವಿಜಾಪುರದವ

ಅಕ್ಕಾರೆ, ನಮ್ಮ ಲ್ಯಾಬ್ರಡಾರ್ 13 ವರ್ಷ ಬದುಕಿದ. ಕೊನೆಯ ಮೂರು ವರ್ಷ ನಾವೂ ಇದನ್ನೇ ಅನುಭವಿಸಿದೆವು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮಾಮ ಹೇಳಿದ ಮಂಚ ಗಟ್ಟಿಮುಟ್ಟಾದ ನಾಯಿಗೆ ಬಹಳ ಒಳ್ಳೆಯದು. ಕಾಳುಗೆ ಬೇಡ. ಅರ್ಧ ಅಡಿ ಹತ್ತಿ ಇಳಿಯುವುದೇ ಅವಳಿಗೆ ಶಿಕ್ಷೆ. ದುಂಡನೆಯದು ಮುದುಡಿ ಮಲಗುವ ಮರಿಗೆ, ಬೆಕ್ಕಿಗೆ ಹೊಂದುತ್ತದೆ. ಕೀಲು ನೋಯುವ ನಾಯಿಗೆ ಕಾಲು ಚಾಚಲು ಜಾಗ ಬೇಕು. ಮೆತ್ತಗಿದ್ದಷ್ಟೂ ಸುಖ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ನಾನೂ ಹಾಗೇ ಅಂದುಕೊಂಡು ಮೊದಲು ಹತ್ತಿ ಗಾದಿ ಮಾಡಿಸಿದ್ದೆ. ಎರಡು ತಿಂಗಳಲ್ಲಿ ನಡುವೆ ಕುಳಿ ಬಿತ್ತು, ಮೂಳೆ ಮತ್ತೆ ನೆಲಕ್ಕೇ ತಾಗಿತು. ಅದರಲ್ಲಿ ಹೂತುಹೋದವನು ಏಳಲು ಇನ್ನೂ ಜಾಸ್ತಿ ಒದ್ದಾಡುತ್ತಿದ್ದ.

ಸೋಫಾ ಕುಶನ್ ಮಾಡುವವರ ಅಂಗಡಿಗೆ ಹೋಗಿ. 40 ಡೆನ್ಸಿಟಿ ಫೋಮ್, 4 ಇಂಚು ದಪ್ಪ ಕೇಳಿ. 40 ಅಂದರೆ ಒಂದು ಘನ ಮೀಟರ್ ಫೋಮ್ 40 ಕಿಲೋ ತೂಗುತ್ತದೆ ಅಂತ. ಹಗುರ ಫೋಮ್ ಬೇಗ ಕೂತುಹೋಗುತ್ತದೆ. ಅಂಗಡಿಯಲ್ಲೇ ನೆಲಕ್ಕೆ ಹಾಕಿ ನಿಮ್ಮ ಮೊಣಕೈ ಊರಿ ಭಾರ ಬಿಡಿ. ನೆಲ ತಾಗಿತೋ, ಬೇಡ ಅನ್ನಿ. ಕಾಳು ದಿನಾ ಊರುವುದೂ ಅದೇ ಮೊಣಕೈಯನ್ನಲ್ವಾ. ಬರೀ ಮೆಮೊರಿ ಫೋಮ್ ಬೇಡ, ಮೈಯ ಶಾಖ ಹಿಡಿದಿಟ್ಟುಕೊಳ್ಳುತ್ತದೆ. ಈ ಸೆಕೆಯಲ್ಲಿ ಮತ್ತೆ ಟೈಲ್ಸ್‌ಗೇ ಓಡುತ್ತಾಳೆ.

ಅಳತೆಗೆ ಅವಳು ಕಾಲು ಚಾಚಿ ನಿದ್ದೆ ಮಾಡುವಾಗ ಟೇಪ್ ಹಿಡಿಯಿರಿ. ಮೂಗಿನಿಂದ ಬಾಲದ ಬುಡದ ತನಕ, ಅದಕ್ಕೆ ಒಂದು ಗೇಣು ಸೇರಿಸಿ. ಸುಮಾರು ಮೂರೂವರೆ ಅಡಿ ಬಂದೀತು.

ಫೋಮ್‌ಗೆ ನೇರವಾಗಿ ನೀರು ಇಳಿಯದ ಒಳಕವರ್ ಹಾಕಿಸಿ, ಮಂಚದ ಗಾದಿಗೆ ಹಾಕುತ್ತೇವಲ್ಲ, ಅಂಥದ್ದು. ಅದು ಇಲ್ಲದಿದ್ದರೆ ಒಂದೇ ಸಲ ಉಚ್ಚೆ ಇಳಿದರೂ ವಾಸನೆ ಹೋಗುವುದಿಲ್ಲ. ಮೇಲಿನ ಕವರ್ ತೆಳು ಕಾಟನ್, ಎರಡು ಹೊಲಿಸಿ. ನಮ್ಮವ್ವ ಹಳೇ ಸೀರೆಗಳ ಕೌದಿ ಹೊಲಿದು ಕಳಿಸಿದ್ದಳು, ಅವನಿಗೆ ಅದರ ಮೇಲೆ ಜೀವ. ಮಳೆಗಾಲದಲ್ಲಿ ಮಾತ್ರ ಅದು ನಾಲ್ಕು ದಿನವಾದರೂ ಒಣಗುತ್ತಿರಲಿಲ್ಲ.

ರಕ್ತ ಒಸರಿದ ಜಡ್ಡನ್ನು ಡಾಕ್ಟರ್‌ಗೆ ತೋರಿಸಿ ಅಕ್ಕಾರೆ, ತಡ ಮಾಡಬೇಡಿ. ಅಲ್ಲಿ ಕೀವಾದರೆ ವಾಸಿಯಾಗಲು ಬಹಳ ದಿನ ಹಿಡಿಯುತ್ತದೆ. ಸುಮ್ನೆ ಕೀಳುವುದು, ಉಜ್ಜುವುದು ಮಾಡಬೇಡಿ.

ವಾಸ್ಕೋ ಬೆಕ್ಕಿನಮನೆ

ನಮ್ಮದು ಬೆಕ್ಕುಗಳು, ಆದರೆ ಗೋವಾ ಮಳೆಯೂ ಕಮ್ಮಿ ಇಲ್ಲ. ಬೂಷ್ಟು ಹೆಚ್ಚಾಗಿ ಹಾಸಿಗೆಯ ಅಡಿಯಿಂದ ಶುರುವಾಗುತ್ತದೆ, ಮೇಲೆ ನೋಡಿದರೆ ಗೊತ್ತೇ ಆಗುವುದಿಲ್ಲ. ದಿನಾ ಬೆಳಿಗ್ಗೆ ಗೋಡೆಗೆ ಒರಗಿಸಿ ಒಂದು ಗಂಟೆ ಫ್ಯಾನ್ ಹಾಕಿ. ಕವರ್ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ಚಿಗಟದ ಮೊಟ್ಟೆ ಮೈಯಿಂದ ಉದುರಿ ಹಾಸಿಗೆಯಲ್ಲೇ ಮರಿಯಾಗುತ್ತವೆ.

ಹೊಸದರ ಮೇಲೆ ಅವಳ ವಾಸನೆ ಇರುವ ಹಳೇ ಟವೆಲ್ ಒಂದನ್ನು ಹಾಸಿ. ಮತ್ತೆ, ನೀವು ಇಟ್ಟಲ್ಲಿಗೆ ಅವಳು ಬರಲಿ ಅನ್ನಬೇಡಿ ಅಕ್ಕಾ. ಅವಳು ಆರಿಸಿಕೊಂಡಿರುವ ಜಾಗಕ್ಕೇ ಹಾಸಿಗೆ ಹೋಗಲಿ.

ಕಾಳು ಅಮ್ಮ, ಡೊಂಬಿವಲಿ

ಹತ್ತು ದಿನವಾಯಿತು, ಏನಾಯಿತು ಅಂತ ಹೇಳಬೇಕು. ಫೋಮ್‌ಗೆ 1,300 ರೂಪಾಯಿ, ಟೇಲರ್‌ಗೆ 350. ಅಣ್ಣಾರೆ, ಮೊದಲ ಅಂಗಡಿಯ ಫೋಮ್‌ನಲ್ಲಿ ನನ್ನ ಮೊಣಕೈ ಸೀದಾ ನೆಲಕ್ಕೆ ಹೋಯಿತು! ಎದ್ದು ಬಂದೆ. ಎರಡನೇ ಅಂಗಡಿಯಲ್ಲಿ ಸರಿಯಾದದ್ದು ಸಿಕ್ಕಿತು. ಜಡ್ಡಿಗೆ ಡಾಕ್ಟರ್ ಮುಲಾಮು ಕೊಟ್ಟಿದ್ದಾರೆ, ಬಿರುಕು ಕೂಡುತ್ತಿದೆ.

ಹಾಸಿಗೆಯನ್ನು ಬಾತ್‌ರೂಮ್ ಬಾಗಿಲ ಪಕ್ಕದಲ್ಲೇ ಹಾಕಿದೆ. ನಾವು ದಾಟಿಕೊಂಡು ಓಡಾಡುತ್ತೇವೆ, ಅಭ್ಯಾಸವಾಗಿದೆ. ಮುಂದೆ ರಬ್ಬರ್ ತಳದ ಕಾಲೊರಸು ಇಟ್ಟಿದ್ದೇನೆ, ಏಳುವಾಗ ಕಾಲು ಜಾರಬಾರದು ಅಂತ. ಎರಡು ರಾತ್ರಿ ಗದ್ದ ಮಾತ್ರ ಹಾಸಿಗೆಯ ಮೇಲಿಟ್ಟು ಮೈ ಟೈಲ್ಸ್ ಮೇಲೇ ಇಟ್ಟಿದ್ದಳು. ಮೂರನೇ ರಾತ್ರಿ ನೀರು ಕುಡಿಯಲು ಎದ್ದಾಗ ನೋಡುತ್ತೇನೆ, ಪೂರ್ತಿ ಮೇಲೆ ಹತ್ತಿ ನಾಲ್ಕೂ ಕಾಲು ಚಾಚಿ ಮಲಗಿದ್ದಾಳೆ, ಟವೆಲ್ ಮೂತಿಯ ಕೆಳಗೆ. ಯಾವಾಗ ಮಲಗಿದಳೋ ನನಗೆ ಸದ್ದೇ ಕೇಳಿಸಿರಲಿಲ್ಲ.

ಕವರ್‌ನ ಜಿಪ್ ಮಾತ್ರ ಅವಳು ಗದ್ದ ಇಡುವ ಕಡೆಗೇ ಬಂದಿದೆ. ಎರಡನೆಯದಕ್ಕೆ ಗೋಡೆಯ ಕಡೆ ಇಡಲು ಟೇಲರ್‌ಗೆ ಹೇಳಿ ಬಂದಿದ್ದೇನೆ.