ಚುನಾವಣಾ ಬಾಂಡ್ ಪಟ್ಟಿ ಹೊರಗೆ ಬಂತು, ಸರಿ. ಆಮೇಲೆ ಏನಾಯ್ತು?

ಬಿಸಿಲೂರು

ಮೊದಲೇ ಹೇಳಿಬಿಡುತ್ತೇನೆ, ನಾನು ಯಾವ ಪಕ್ಷದವನೂ ಅಲ್ಲ. ಹಾಗಂದ ತಕ್ಷಣ ‘ಓ ಇವನು ಆ ಕಡೆಯವನು’ ಅನ್ನುವವರು ಇದ್ದೇ ಇರುತ್ತಾರೆ, ಅನ್ನಲಿ ಬಿಡಿ.

2024ರ ಫೆಬ್ರವರಿ 15ಕ್ಕೆ ಸುಪ್ರೀಂ ಕೋರ್ಟಿನ ಐದು ಜನ ನ್ಯಾಯಮೂರ್ತಿಗಳು ಚುನಾವಣಾ ಬಾಂಡ್ (ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು, ಕೊಟ್ಟವರ ಹೆಸರು ಹೊರಗೆ ಬಾರದ ಹಾಗೆ ಪಕ್ಷಕ್ಕೆ ಕೊಡುತ್ತಿದ್ದ ದೇಣಿಗೆ ಪತ್ರ) ಸಂವಿಧಾನಕ್ಕೆ ವಿರುದ್ಧ ಅಂತ ಒಮ್ಮತದಿಂದ ಹೇಳಿದರು. 2018ರಿಂದ ಅಲ್ಲಿಯವರೆಗೆ 16 ಸಾವಿರ ಕೋಟಿಗೂ ಜಾಸ್ತಿ ದುಡ್ಡು ಈ ದಾರಿಯಲ್ಲಿ ಪಕ್ಷಗಳಿಗೆ ಹೋಗಿತ್ತು. ಕಾನೂನೇ ತಪ್ಪು ಅಂದ ಮೇಲೆ ಆ ದುಡ್ಡಿನ ಗತಿ ಏನು? ಯಾರಾದರೂ ವಾಪಸ್ ಕೊಟ್ಟರಾ? ಒಬ್ಬ ಮಂತ್ರಿಯಾದರೂ ಉತ್ತರ ಕೊಟ್ಟರಾ? ನಮ್ಮ ಸಂಸದರನ್ನು ಒಂದು ಚಾನೆಲ್ಲಿನವರಾದರೂ ನಿಲ್ಲಿಸಿ ಕೇಳಿದರಾ?

ನಾನು ಒಂದು ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಜಿಎಸ್‌ಟಿ ರಿಟರ್ನ್ ಒಂದು ದಿನ ತಡವಾದರೆ ದಂಡ ಕಟ್ಟಬೇಕು, ಯಾವ ಸಬೂಬೂ ನಡೆಯುವುದಿಲ್ಲ. ದೊಡ್ಡವರು ಮಾತ್ರ ಸಾವಿರಾರು ಕೋಟಿಯ ಲೆಕ್ಕವನ್ನು ಆರು ವರ್ಷ ಮುಚ್ಚಿಟ್ಟುಕೊಂಡು, ಕೋರ್ಟು ಬೈದ ಮೇಲೆ ಕೊಟ್ಟು, ಆಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಚುನಾವಣೆಗೆ ನಿಂತು ಗೆದ್ದು ಬಂದರು. ಟಿವಿಯಲ್ಲಿ ಇದರ ಬಗ್ಗೆ ಎಷ್ಟು ಚರ್ಚೆ ಆಯಿತು ಅಂತ ನಾನು ಹೇಳಬೇಕಾಗಿಲ್ಲ. ತಿಳಿದವರು ಯಾರಾದರೂ ಬಿಡಿಸಿ ಹೇಳಿ, ಆಮೇಲೆ ನಿಜವಾಗಿ ಆದದ್ದು ಏನು?

ಪೇಪರ್‌ಹುಳ

ಇದನ್ನು ಆಗ ದಿನಾ ಹಿಂಬಾಲಿಸುತ್ತಿದ್ದೆ, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಸ್ಟೇಟ್ ಬ್ಯಾಂಕ್ ಮಾರ್ಚ್ 6ರೊಳಗೆ ಮಾಹಿತಿ ಕೊಡಬೇಕು ಅಂತ ಕೋರ್ಟು ಹೇಳಿತ್ತು. ಬ್ಯಾಂಕಿನವರು ಅದಕ್ಕೆ ಎರಡು ದಿನ ಮೊದಲು ಬಂದು ಜೂನ್ 30ರವರೆಗೆ ಟೈಮ್ ಕೊಡಿ ಅಂದರು. ಯಾಕೆ ಅಂದರೆ, ಕೊಂಡವರ ವಿವರ ಒಂದು ಕಡೆ ಇದೆ, ನಗದು ಮಾಡಿಸಿಕೊಂಡ ಪಕ್ಷಗಳ ವಿವರ ಇನ್ನೊಂದು ಕಡೆ ಮೊಹರು ಹಾಕಿದ ಲಕೋಟೆಯಲ್ಲಿದೆ, ಒಟ್ಟು 44,434 ದಾಖಲೆ ತಾಳೆ ನೋಡಬೇಕು ಅಂತೆ. ದೇಶದ ಅತಿ ದೊಡ್ಡ ಬ್ಯಾಂಕು ಹೇಳಿದ ಮಾತು ಇದು. ಲೋಕಸಭಾ ಚುನಾವಣೆಯ ಫಲಿತಾಂಶ ಜೂನ್ 4ಕ್ಕೆ ಬಂತು ಅನ್ನೋದನ್ನು ಪಕ್ಕದಲ್ಲಿಟ್ಟು ನೋಡಿ, ಜೂನ್ 30 ಯಾಕೆ ಬೇಕಿತ್ತು ಅಂತ ನಿಮಗೇ ಹೊಳೆಯುತ್ತದೆ.

ಮಾರ್ಚ್ 11ಕ್ಕೆ ಕೋರ್ಟು ಗದರಿತು. 12ಕ್ಕೇ ಕೊಟ್ಟರು. ನಾಲ್ಕು ತಿಂಗಳ ಕೆಲಸ ಒಂದು ದಿನಕ್ಕೆ ಮುಗಿಯಿತು! 14ರ ಸಂಜೆ ಚುನಾವಣಾ ಆಯೋಗ ಎರಡು ಪಟ್ಟಿ ಹಾಕಿತು. ಒಂದರಲ್ಲಿ ಕಂಪನಿ ಹೆಸರು, ತಾರೀಕು, ಮೊತ್ತ. ಇನ್ನೊಂದರಲ್ಲಿ ಪಕ್ಷ, ತಾರೀಕು, ಮೊತ್ತ. ಯಾರು ಯಾರಿಗೆ ಕೊಟ್ಟರು ಅಂತ ಮಾತ್ರ ಇಲ್ಲ. ಪ್ರತಿ ಬಾಂಡಿನ ಮೇಲೂ ಒಂದು ಗುಪ್ತ ಸಂಖ್ಯೆ ಇತ್ತು. ನೇರಳಾತೀತ ಬೆಳಕು ಬಿಟ್ಟರೆ ಕಾಣುತ್ತದೆ, ಬರಿಗಣ್ಣಿಗೆ ಇಲ್ಲ. 2018ರಲ್ಲೇ ಒಬ್ಬ ಪತ್ರಕರ್ತೆ ತಾವೇ ಸಾವಿರ ರೂಪಾಯಿಯ ಬಾಂಡ್ ಕೊಂಡು, ಲ್ಯಾಬಿಗೆ ಕಳಿಸಿ ಇದನ್ನು ಬಯಲು ಮಾಡಿದ್ದರು. ಆ ಸಂಖ್ಯೆಗಳನ್ನು ಬ್ಯಾಂಕು ಮತ್ತೆ ಕೋರ್ಟು ಹೇಳಿದ ಮೇಲೆಯೇ, ಮಾರ್ಚ್ 21ಕ್ಕೆ ಕೊಟ್ಟಿತು. ಬಂದ ಮೇಲೆ ಅದನ್ನು ತಾಳೆ ನೋಡಲು ಪತ್ರಕರ್ತರಿಗೆ ಕೆಲವೇ ಗಂಟೆ ಸಾಕಾಯಿತು.

ಆ 21ರ ರಾತ್ರಿಯೇ ದೆಹಲಿ ಅಬಕಾರಿ ಕೇಸಿನಲ್ಲಿ ಅಲ್ಲಿನ ಆಗಿನ ಮುಖ್ಯಮಂತ್ರಿ ಕೇಜ್ರಿವಾಲ್ ಬಂಧನ ಆಯಿತು. ಎಲ್ಲ ಕ್ಯಾಮೆರಾ ಆ ಮನೆ ಮುಂದೆ. ಈಗ ಒಂದು ವಿಷಯ ಗಮನಿಸಿ. ಅದೇ ಕೇಸಿನಲ್ಲಿ ಅರಬಿಂದೋ ಫಾರ್ಮಾದ ಒಬ್ಬ ನಿರ್ದೇಶಕರನ್ನು 2022ರ ನವೆಂಬರ್ 10ಕ್ಕೆ ಬಂಧಿಸಿದ್ದರು. ನವೆಂಬರ್ 15ಕ್ಕೆ ಆ ಕಂಪನಿ 5 ಕೋಟಿಯ ಬಾಂಡ್ ಕೊಂಡಿತು, ಅದು ಹೋದದ್ದು ಬಿಜೆಪಿಗೆ. 2023ರ ಜೂನ್‌ನಲ್ಲಿ ಅವರು ಮಾಫಿ ಸಾಕ್ಷಿ ಆದರು. ನವೆಂಬರ್‌ನಲ್ಲಿ ಇನ್ನೂ 25 ಕೋಟಿ, ಅದೂ ಬಿಜೆಪಿಗೇ. ಇದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಯಾವ ಕೋರ್ಟೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಅದೇ ಕಂಪನಿ ಅದಕ್ಕೂ ಮೊದಲು ಬಿಆರ್‌ಎಸ್, ಟಿಡಿಪಿಗೂ ಕೊಟ್ಟಿದೆ. ಆದರೆ ಒಂದೇ ರಾತ್ರಿ ಎರಡು ಸುದ್ದಿ ಒಂದರ ಪಕ್ಕ ಒಂದು ಬಿದ್ದಿರುವಾಗ, ಎರಡನ್ನೂ ಸೇರಿಸಿ ಒಂದು ಪ್ರಶ್ನೆ ಕೇಳಬೇಕು ಅಂತ ಎಷ್ಟು ಆಂಕರ್‌ಗಳಿಗೆ ಅನ್ನಿಸಿತು?

ನೇರಮಾತು

ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅನ್ನೋ ಹಾಗಾಯ್ತು. ಬಾಂಡ್ ಅಂದರೆ ಬಿಜೆಪಿ, ಬಿಜೆಪಿ ಅಂದರೆ ಬಾಂಡ್. ಅತಿ ಜಾಸ್ತಿ ಬಾಂಡ್ ಕೊಂಡವರು ಲಾಟರಿ ಕಂಪನಿಯವರು, ಫ್ಯೂಚರ್ ಗೇಮಿಂಗ್, 1,368 ಕೋಟಿ. ಅದರಲ್ಲಿ ದೊಡ್ಡ ಪಾಲು ಹೋದದ್ದು ತೃಣಮೂಲ ಕಾಂಗ್ರೆಸ್ಸಿಗೆ ಮತ್ತು ಡಿಎಂಕೆಗೆ. ಡಿಎಂಕೆ ತಾನೇ ಬರೆದುಕೊಟ್ಟಿದೆ, 509 ಕೋಟಿ ಅಂತ. ಕಾಂಗ್ರೆಸ್ಸಿಗೆ ಬಂದದ್ದು 1,400 ಕೋಟಿಯ ಮೇಲೆ. ನಮ್ಮ ಜೆಡಿಎಸ್‌ಗೆ 89.75 ಕೋಟಿ, ಅದರಲ್ಲಿ 50 ಕೋಟಿ ಒಂದೇ ಕಂಪನಿಯಿಂದ, ಮೇಘಾ ಇಂಜಿನಿಯರಿಂಗ್. ಇವರೆಲ್ಲ ಬಾಂಡ್ ತೆಗೆದುಕೊಂಡು ಈಗ ಪತ್ರಿಕಾಗೋಷ್ಠಿ ಮಾಡಿದರೆ ಸಾಚಾ ಆಗಿಬಿಡುತ್ತಾರಾ?

ಬಾಂಡ್ ಬರೋದಕ್ಕೆ ಮುಂಚೆ ಏನಿತ್ತು? ಗೋಣಿಚೀಲದಲ್ಲಿ ನಗದು. 20 ಸಾವಿರದ ಒಳಗಿನ ದೇಣಿಗೆ ಅಂತ ತೋರಿಸಿದರೆ ಹೆಸರೇ ಬೇಕಿರಲಿಲ್ಲ. ಬಾಂಡ್ ಆದರೂ ಬ್ಯಾಂಕಿನಿಂದ ಹೋಗುತ್ತಿತ್ತು, ಕೆವೈಸಿ ಇತ್ತು. ಇನ್ನು ನಮ್ಮ ರಾಜ್ಯದ ವಾಲ್ಮೀಕಿ ನಿಗಮದ ಹಣ ಅಕ್ರಮವಾಗಿ ಬೇರೆ ಖಾತೆಗಳಿಗೆ ಹೋಯಿತಲ್ಲ, ಅದು ಪರಿಶಿಷ್ಟ ಪಂಗಡದವರ ದುಡ್ಡು. ಒಬ್ಬ ನೌಕರನ ಜೀವ ಹೋಯಿತು, ಮಂತ್ರಿ ರಾಜೀನಾಮೆ ಕೊಟ್ಟರು. ಅದರ ಬಗ್ಗೆ ಯಾಕೆ ಇಷ್ಟು ಸಂಕಟ ಇಲ್ಲ ನಿಮಗೆ?

ಬಿಸಿಲೂರು

ಇದೆ ಸ್ವಾಮಿ, ಅದಕ್ಕೂ ಇದೆ. ಹೊಟ್ಟೆ ಉರಿಯುವುದಕ್ಕೆ ಕೋಟಾ ಇದೆಯಾ? ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಕಡೆ ಬೆರಳು ತೋರಿಸೋದು, ಅವರನ್ನು ಕೇಳಿದರೆ ಮತ್ತೆ ಇವರ ಕಡೆ. ನಡುವೆ ನಾವು ಬೆರಳು ನೋಡುತ್ತಾ ಕೂತಿದ್ದೇವೆ. ನೀವು ಹೇಳಿದ ಅಂಕಿ ಎಲ್ಲ ಸರಿಯೇ ಇರಬಹುದು. ಆದರೆ ಅದರಿಂದ ಬಿಜೆಪಿಯ ಸುಮಾರು 6,060 ಕೋಟಿ ಕಡಿಮೆ ಆಗುವುದಿಲ್ಲ ಅಲ್ವಾ?

ಲಾಯರ್ ಅಲ್ಲ

‘ನೇರಮಾತು’ ಅವರ ಕೆವೈಸಿ ಮಾತಿಗೆ ಸ್ವಲ್ಪ. ಬ್ಯಾಂಕಿಗೆ ಯಾರು ಕೊಂಡರು ಅಂತ ಗೊತ್ತಿತ್ತು, ನಿಜ. ಆದರೆ ಯೋಜನೆಯ ನಿಯಮದಲ್ಲೇ ಇತ್ತು, ಕೋರ್ಟು ಕೇಳಿದರೆ ಅಥವಾ ತನಿಖಾ ಸಂಸ್ಥೆ ಕ್ರಿಮಿನಲ್ ಕೇಸು ದಾಖಲಿಸಿದರೆ ಬ್ಯಾಂಕು ವಿವರ ಕೊಡಬೇಕು ಅಂತ. ತನಿಖಾ ಸಂಸ್ಥೆಗಳು ಯಾರ ಕೈಯಲ್ಲಿವೆ? ಅಂದರೆ ಅಧಿಕಾರದಲ್ಲಿ ಇದ್ದವರಿಗೆ ನೋಡುವ ದಾರಿ ಇತ್ತು, ವಿರೋಧ ಪಕ್ಷಕ್ಕೆ ಇರಲಿಲ್ಲ, ನಿಮಗೆ ನನಗೆ ಕೇಳುವುದೇ ಬೇಡ. ಗುಟ್ಟು ಇದ್ದದ್ದು ಮತದಾರರಿಂದ ಮಾತ್ರ. ರಿಸರ್ವ್ ಬ್ಯಾಂಕ್ ಮೊದಲೇ ಬೇಡ ಅಂದಿತ್ತು, ಚುನಾವಣಾ ಆಯೋಗವೂ 2017ರಲ್ಲಿ ಕಾನೂನು ಸಚಿವಾಲಯಕ್ಕೆ ಪತ್ರ ಬರೆದು ಎಚ್ಚರಿಸಿತ್ತು. ಕೇಳಲಿಲ್ಲ. ಹಣಕಾಸು ಮಸೂದೆಯೊಳಗೆ ತೂರಿಸಿ ಪಾಸು ಮಾಡಿಕೊಂಡರು. ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 7.5ಕ್ಕಿಂತ ಜಾಸ್ತಿ ದೇಣಿಗೆ ಕೊಡಬಾರದು ಅನ್ನುವ ಮಿತಿಯನ್ನೂ ಅದೇ ಏಟಿಗೆ ತೆಗೆದರು. ಆಮೇಲೆ ನಷ್ಟದಲ್ಲಿರುವ ಕಂಪನಿಯೂ ಕೋಟಿಗಟ್ಟಲೆ ಕೊಡಬಹುದಾಯಿತು. ನಷ್ಟದಲ್ಲಿರುವವನು ಯಾಕೆ ಕೊಡುತ್ತಾನೆ ಅಂತ ಮಾತ್ರ ಕೇಳಬೇಡಿ. ಬಾಂಡ್ ಮುದ್ರಣದ ಖರ್ಚು, ಬ್ಯಾಂಕಿನ ಕಮಿಷನ್ ಎರಡೂ ಸರ್ಕಾರದ ಖಜಾನೆಯಿಂದಲೇ ಹೋಯಿತು. ಅಂದರೆ ನಮ್ಮ ಕಿವಿಗೆ ಹೂ ಇಡುವುದಕ್ಕೆ ಹೂವಿನ ದುಡ್ಡೂ ನಮ್ಮದೇ.

ಆಮೇಲೆ ಏನಾಯಿತು ಅಂತ ಕೇಳಿದ್ದಿರಿ. ವಿಶೇಷ ತನಿಖಾ ತಂಡ ಬೇಕು ಅಂತ ಸುಪ್ರೀಂ ಕೋರ್ಟಿಗೆ ಮತ್ತೆ ಅರ್ಜಿ ಹೋಯಿತು. 2024ರ ಆಗಸ್ಟ್ 2ಕ್ಕೆ ಅದನ್ನು ತಳ್ಳಿಹಾಕಿದರು. ಕೊಟ್ಟದ್ದಕ್ಕೆ ಪ್ರತಿಫಲ ಸಿಕ್ಕಿತು ಅನ್ನೋದು ಈಗ ಊಹೆ ಮಾತ್ರ, ಸಾಮಾನ್ಯ ಕಾನೂನಿನಲ್ಲೇ ದಾರಿ ಇದೆ, ಅಲ್ಲಿಗೆ ಹೋಗಿ ಅನ್ನುವ ಅರ್ಥದ ಆದೇಶ. ಸರಿ, ನಮ್ಮ ಬೆಂಗಳೂರಿನವರೊಬ್ಬರು ಅದೇ ದಾರಿಯಲ್ಲಿ ಹೋದರು. ಕೇಂದ್ರ ಹಣಕಾಸು ಸಚಿವೆ ಮತ್ತು ಇತರರ ಮೇಲೆ ಸುಲಿಗೆಯ ದೂರು, ಕೋರ್ಟಿನ ಆದೇಶದ ಮೇಲೆ ಸೆಪ್ಟೆಂಬರ್ 28ಕ್ಕೆ ತಿಲಕನಗರ ಠಾಣೆಯಲ್ಲಿ ಎಫ್‌ಐಆರ್. ಎರಡೇ ದಿನಕ್ಕೆ ಹೈಕೋರ್ಟು ತಡೆ ಕೊಟ್ಟಿತು. ಆ ಎಫ್‌ಐಆರ್‌ನಲ್ಲಿ ಹೆಸರಿದ್ದ ಬಿಜೆಪಿಯ ನಳಿನ್ ಕುಮಾರ್ ಕಟೀಲ್ ಅವರ ಅರ್ಜಿಯ ಮೇಲೆ ಡಿಸೆಂಬರ್ 3ಕ್ಕೆ ಅದನ್ನು ರದ್ದು ಮಾಡಿತು. ಸುಲಿಗೆ ಅಂದರೆ ಹೆದರಿಸಿ ಕಸಿದುಕೊಂಡದ್ದು, ಹಾಗಾಗಿ ಕಳೆದುಕೊಂಡವನೇ ದೂರು ಕೊಡಬೇಕು ಅನ್ನೋದು ಅದರ ತಿರುಳು. ಕಾನೂನಿನ ಲೆಕ್ಕದಲ್ಲಿ ಅದು ಸರಿಯಾದ ಮಾತೇ. ಆದರೆ ಸರ್ಕಾರಿ ಗುತ್ತಿಗೆಯ ಮೇಲೆ ಬದುಕುವ ಯಾವ ಕಂಪನಿ ಬಂದು ‘ನನ್ನನ್ನು ಹೆದರಿಸಿ ಕಿತ್ತುಕೊಂಡರು’ ಅಂತ ಠಾಣೆಯಲ್ಲಿ ಬರೆದುಕೊಡುತ್ತದೆ ಹೇಳಿ? ಅಲ್ಲಿಗೆ ಕಥೆ ಮುಗಿಯಿತು. ದುಡ್ಡು ವಾಪಸ್ ಅನ್ನೋದಂತೂ, ನಗದು ಮಾಡಿಕೊಳ್ಳದ ಬಾಂಡುಗಳಿಗೆ ಮಾತ್ರ ಕೋರ್ಟು ಹೇಳಿದ್ದು. ತಿಂದದ್ದು ತಿಂದದ್ದೇ.

ಡೆಸ್ಕ್ ಮೂಲೆ

ಸುದ್ದಿಮನೆಯಲ್ಲಿ ಕೆಲಸ ಮಾಡುತ್ತೇನೆ, ಎಲ್ಲಿ ಅಂತ ಕೇಳಬೇಡಿ, ಹೊಟ್ಟೆಪಾಡು.

ಆ ಪಟ್ಟಿ ಬಂದ ಸಂಜೆ ನಮ್ಮಲ್ಲಿ ಪ್ರಿಂಟ್ ತೆಗೆದರು. ನೂರಾರು ಪುಟ, ಸಣ್ಣ ಅಕ್ಷರ. ಇಬ್ಬರು ಹುಡುಗರು ಹೈಲೈಟರ್ ಹಿಡಿದು ಕೂತು ಕರ್ನಾಟಕದ ಕಂಪನಿ ಯಾವುದಿದೆ ಅಂತ ಗುರುತು ಹಾಕುತ್ತಿದ್ದರು. ಆಗ ಮೇಲಿನಿಂದ ಬಂದ ಪ್ರಶ್ನೆ ಒಂದೇ, ‘ಇದರಲ್ಲಿ ವಿಶುವಲ್ ಏನಿದೆ?’ ಏನೂ ಇಲ್ಲ. ಪಿಡಿಎಫ್ ಅಳುವುದಿಲ್ಲ, ಕಾರಿನಿಂದ ಇಳಿಯುವುದಿಲ್ಲ, ಮೈಕ್ ಕಂಡರೆ ಬೈಯುವುದಿಲ್ಲ. ಒಂದು ಅರ್ಧ ಗಂಟೆ ಓಡಿಸಿದರು. ಎರಡು ದಿನಕ್ಕೆ, 16ಕ್ಕೆ, ಚುನಾವಣೆ ದಿನಾಂಕ ಘೋಷಣೆ ಆಯಿತು. ಆಮೇಲೆ ಯಾರಿಗೆ ಟಿಕೆಟ್, ಯಾರು ಮುನಿಸಿಕೊಂಡರು, ಯಾರ ಮನೆಗೆ ಯಾರು ಹೋಗಿ ಉಪ್ಪಿಟ್ಟು ತಿಂದರು, ಅದೇ ಆಯಿತು. ಆ ಹುಡುಗರ ಕಾಗದ ಮೇಜಿನ ಮೇಲೆ ಬಹಳ ದಿನ ಇತ್ತು, ಕಾಫಿ ಕಪ್ ಇಡಲಿಕ್ಕೆ ಉಪಯೋಗಕ್ಕೆ ಬಂತು.

ಎಲ್ಲರೂ ಮೋದಿಗೆ ಹೆದರಿ ಮುಚ್ಚಿಟ್ಟರು ಅಂತ ಹೇಳುತ್ತಾರಲ್ಲ, ಅರ್ಧ ನಿಜ. ಕೇಂದ್ರವೂ ಜಾಹೀರಾತು ಕೊಡುತ್ತದೆ, ರಾಜ್ಯವೂ ಕೊಡುತ್ತದೆ, ಎರಡರ ಮುಖವನ್ನೂ ನೋಡಿಯೇ ಬರೆಯೋದು. ವಾಲ್ಮೀಕಿ ನಿಗಮದ ಸುದ್ದಿಗೂ ಕೆಲವು ಕಡೆ ಅದೇ ಗತಿ. ಇನ್ನು ಪಟ್ಟಿಯಲ್ಲಿ ಹೆಸರಿರುವ ಕಂಪನಿಗಳೇ ನಾಳೆ ಮುಖಪುಟದ ಜಾಹೀರಾತು ಕೊಡುವವರು. ಯಾರೂ ಫೋನ್ ಮಾಡಿ ‘ಹಾಕಬೇಡ’ ಅನ್ನೋದಿಲ್ಲ. ಹಾಗೆ ಹೇಳಿಸಿಕೊಳ್ಳುವ ಮೊದಲೇ ನಾವೇ ಬಿಟ್ಟುಬಿಡುತ್ತೇವೆ, ಅದೇ ಅಸಲಿ ಸಂಗತಿ.

ಉಳಿದರ್ಧ ನಿಮ್ಮ ಕೈಯಲ್ಲಿರುವ ರಿಮೋಟು. ಅದೇ ವರ್ಷ ಜೂನ್‌ನಲ್ಲಿ ನೀಟ್ ಪರೀಕ್ಷೆಯ ಗಲಾಟೆ. 24 ಲಕ್ಷದಷ್ಟು ಮಕ್ಕಳು ನೋಂದಾಯಿಸಿದ್ದ ಪರೀಕ್ಷೆ, ಬಿಹಾರದಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯ ಬಂಧನಗಳು. ಅದೇ ವಾರ ಕೊಲೆ ಕೇಸಿನಲ್ಲಿ ನಟ ದರ್ಶನ್ ಬಂಧನ. ಯಾವುದು ಇಪ್ಪತ್ನಾಲ್ಕು ಗಂಟೆ ಓಡಿತು ಅಂತ ನಿಮಗೆ ಗೊತ್ತು. ಟಿಆರ್‌ಪಿ ಯಾವುದಕ್ಕೆ ಬಂತು ಅಂತ ನನಗೆ ಗೊತ್ತು.

ನೇರಮಾತು

ಇದು ಒಪ್ಪುವ ಮಾತು. ನಮ್ಮ ಮನೆಯಲ್ಲೇ ಜೈಲಿನ ಊಟದ ಮೆನು ಬಗ್ಗೆ ಒಂದು ವಾರ ಚರ್ಚೆ ನಡೆಯಿತು.

ಆದರೆ ಎಲ್ಲ ಪಕ್ಷದ್ದೂ ಒಂದೇ ಕಥೆ ಅನ್ನುವ ನನ್ನ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ.

ಲಾಯರ್ ಅಲ್ಲ

ಎಲ್ಲ ಅನ್ನೋದಕ್ಕೆ ಆಗಲ್ಲ, ಸಿಪಿಎಂ ಬಾಂಡ್ ತೆಗೆದುಕೊಳ್ಳಲೇ ಇಲ್ಲ, ಕೋರ್ಟಿಗೆ ಹೋದವರಲ್ಲಿ ಅವರೂ ಒಬ್ಬರು. ಹಾಗಂತ ಅವರನ್ನೂ ಪೂರ್ತಿ ಹೊಗಳಬೇಡಿ. 2013ರ ಜೂನ್‌ನಲ್ಲಿ ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕು ಕಾಯ್ದೆ (ಆರ್‌ಟಿಐ) ಅಡಿ ಬರುತ್ತವೆ ಅಂತ ಆದೇಶ ಕೊಟ್ಟಿತ್ತು. ಬಿಜೆಪಿ, ಕಾಂಗ್ರೆಸ್, ಬಿಎಸ್‌ಪಿ, ಎನ್‌ಸಿಪಿ, ಸಿಪಿಐ, ಸಿಪಿಎಂ. ಆರೂ ಜನ ಪಾಲಿಸಲಿಲ್ಲ. ಸಂಸತ್ತಿನಲ್ಲಿ ಒಬ್ಬರ ಮುಖ ಒಬ್ಬರು ನೋಡದವರು ಇಲ್ಲಿ ಎಷ್ಟು ಒಗ್ಗಟ್ಟು!

ಇನ್ನೂ ಚೆನ್ನಾಗಿರೋದು ಒಂದಿದೆ. 2014ರಲ್ಲಿ ದೆಹಲಿ ಹೈಕೋರ್ಟು ಬಿಜೆಪಿ, ಕಾಂಗ್ರೆಸ್ ಎರಡೂ ವಿದೇಶಿ ದೇಣಿಗೆ ಕಾಯ್ದೆ ಉಲ್ಲಂಘಿಸಿವೆ ಅಂತ ಹೇಳಿತು. ಸರ್ಕಾರ ಏನು ಮಾಡಿತು? ಕಾಯ್ದೆಯನ್ನೇ ತಿದ್ದಿತು. ಮೊದಲು 2016ರಲ್ಲಿ, ಸಾಲದು ಅಂತ 2018ರಲ್ಲಿ ಮತ್ತೊಮ್ಮೆ, ಅದೂ 1976ರಿಂದ ಅನ್ವಯ ಆಗುವ ಹಾಗೆ. ನಲವತ್ತೆರಡು ವರ್ಷ ಹಿಂದಕ್ಕೆ ಹೋಗಿ ಕೈ ತೊಳೆದುಕೊಂಡರು. ಲೋಕಸಭೆಯಲ್ಲಿ ಅದರ ಮೇಲೆ ಚರ್ಚೆಯೇ ಇಲ್ಲ. ಜಿಎಸ್‌ಟಿ ದಂಡಕ್ಕೆ ಹೀಗೊಂದು ತಿದ್ದುಪಡಿ ಬಂದರೆ ‘ಬಿಸಿಲೂರು’ ಅವರು ನಮಗೆಲ್ಲ ಹೋಳಿಗೆ ಊಟ ಹಾಕಿಸಬೇಕು.

ಹಿತ್ತಲಗಿಡ

ಓದಿ ಬೇಜಾರಾಯ್ತು, ಆದರೆ ಆಶ್ಚರ್ಯ ಆಗಲಿಲ್ಲ. ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಸಮಾಜ ವಿಜ್ಞಾನದಲ್ಲಿ ಮಾಹಿತಿ ಹಕ್ಕಿನ ಪಾಠ ಬಂದಾಗ ಒಬ್ಬ ಹುಡುಗಿ ‘ಮೇಡಂ, ಪಾರ್ಟಿಯವರನ್ನೂ ಕೇಳಬಹುದಾ’ ಅಂದಳು. ಇನ್ನು ಮುಂದೆ ಏನು ಹೇಳಬೇಕು ಅಂತ ಈಗ ತಿಳಿಯಿತು. ಈಗ ಬಾಂಡ್ ಇಲ್ಲವಲ್ಲ, ದುಡ್ಡು ಹೇಗೆ ಹೋಗುತ್ತಿದೆ? ನಮ್ಮಂಥವರು ನೋಡೋದಕ್ಕೆ ಏನಾದರೂ ಸಿಗುತ್ತದಾ?

ಪೇಪರ್‌ಹುಳ

ಸಿಗುತ್ತದೆ ಮೇಡಂ. 20 ಸಾವಿರಕ್ಕಿಂತ ಜಾಸ್ತಿ ಕೊಟ್ಟವರ ಹೆಸರನ್ನು ಪ್ರತಿ ಪಕ್ಷ ವರ್ಷಕ್ಕೊಮ್ಮೆ ಚುನಾವಣಾ ಆಯೋಗಕ್ಕೆ ಕೊಡಬೇಕು. ಆಯೋಗದ ವೆಬ್‌ಸೈಟಿನಲ್ಲಿ ಪಕ್ಷಗಳ ದೇಣಿಗೆ ವರದಿ ಅಂತ ಇರುತ್ತದೆ, ಹೆಸರು, ವಿಳಾಸ, ಮೊತ್ತ ಎಲ್ಲ. ಬಾಂಡ್ ಬಿಟ್ಟು ಈ ದಾರಿಯಲ್ಲಿ 2023-24ರಲ್ಲಿ ಬಿಜೆಪಿ ತೋರಿಸಿದ್ದು 2,243 ಕೋಟಿ, ಕಾಂಗ್ರೆಸ್ 281 ಕೋಟಿ. ಬಿಎಸ್‌ಪಿ ವರ್ಷ ವರ್ಷವೂ ಸೊನ್ನೆ ತೋರಿಸುತ್ತದೆ, 20 ಸಾವಿರ ದಾಟಿ ಕೊಟ್ಟ ಪುಣ್ಯಾತ್ಮ ಒಬ್ಬನೂ ಇಲ್ಲವಂತೆ.

ಅದರಲ್ಲಿ ‘ಎಲೆಕ್ಟೋರಲ್ ಟ್ರಸ್ಟ್’ ಅಂತ ಕಂಡರೆ ಅಲ್ಲಿಗೇ ನಿಲ್ಲಬೇಡಿ. ಹಲವು ಕಂಪನಿಗಳು ಒಂದು ಟ್ರಸ್ಟಿಗೆ ಹಾಕುತ್ತವೆ, ಟ್ರಸ್ಟು ಪಕ್ಷಗಳಿಗೆ ಹಂಚುತ್ತದೆ. ಪ್ರೂಡೆಂಟ್ ಅನ್ನುವ ಟ್ರಸ್ಟ್ ಒಂದೇ ಆ ವರ್ಷ ಬಿಜೆಪಿಗೆ 723 ಕೋಟಿ, ಕಾಂಗ್ರೆಸ್ಸಿಗೆ 156 ಕೋಟಿ ಕೊಟ್ಟಿದೆ. ಟ್ರಸ್ಟಿಗೆ ಯಾರು ಕೊಟ್ಟರು ಅನ್ನುವ ವರದಿ ಬೇರೆ ಇರುತ್ತದೆ, ಅದನ್ನೂ ತೆಗೆದು ಎರಡನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಯಾವ ಕಂಪನಿಯ ರೂಪಾಯಿ ಯಾವ ಪಕ್ಷಕ್ಕೆ ಅಂತ ಆದರೂ ನೇರವಾಗಿ ಕಾಣುವುದಿಲ್ಲ. ಸ್ಕ್ಯಾನ್ ಮಾಡಿದ ಪುಟಗಳು, ಕೆಲವು ಓರೆಯಾಗಿವೆ, ಹೆಸರು ಕೊಟ್ಟು ಹುಡುಕೋಕೂ ಆಗಲ್ಲ.

ಹಿತ್ತಲಗಿಡ

ಸರಿ, ಲಿಂಕ್ ಹಾಕಿ. ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಹೇಗೂ ಶನಿವಾರ ಖಾಲಿ.

ಬಿಸಿಲೂರು

ನನಗೂ ಹಾಕಿ. ನಮ್ಮ ಜಿಲ್ಲೆಯ ರಸ್ತೆ ಗುತ್ತಿಗೆದಾರರ ಕಂಪನಿ ಹೆಸರು ಗೊತ್ತಿದೆ, ಮೊದಲು ಅದನ್ನೇ ಹುಡುಕುತ್ತೇನೆ.